ಅಂದದ ತಕಲಿ ಅಲ್ಲಾಡಬಾರದು

ಕರಕುಶಲ ಮಳಿಗೆಯಲ್ಲಿ ಮಿರಿಮಿರಿ ಮಿಂಚುವ ಮರದ ತಕಲಿಗೆ, ಅಂದರೆ ಕೈಯಲ್ಲಿ ತಿರುಗಿಸಿ ನೂಲು ತೆಗೆಯುವ ಸಾಧನಕ್ಕೆ, ಒಂದು ಎಳೆ ಕಟ್ಟಿ ತಿರುಗಿಸಿ ನೋಡಿ. ಎಷ್ಟೋ ಸಲ ನಾಲ್ಕು ಸುತ್ತಿಗೇ ಅದು ಕುಡಿದವನಂತೆ ತೂರಾಡತೊಡಗುತ್ತದೆ. ಬಣ್ಣಕ್ಕೂ ಕೆತ್ತನೆಗೂ ಕೊರತೆಯಿಲ್ಲ, ನೂಲು ಮಾತ್ರ ಬರುವುದಿಲ್ಲ. ಮಾಡಿದವರು ಮೊದಲು ದುಂಡನೆಯ ಬಿಲ್ಲೆಯನ್ನು ಚೆಂದ ಮಾಡಿ, ಆಮೇಲೆ ಕಡ್ಡಿ ಕೂರಿಸಲು ಅಂದಾಜಿನಲ್ಲಿ ನಡುವೆ ತೂತು ಕೊರೆದಿರುತ್ತಾರೆ. ಕೆಲಸ ಸಾಗಬೇಕಾದದ್ದು ಇದಕ್ಕೆ ಉಲ್ಟಾ: ತೂತು ಮೊದಲು, ದುಂಡು ಆಮೇಲೆ, ತೂಕ ಅದರ ನಂತರ, ಅಲಂಕಾರ ಎಲ್ಲಕ್ಕಿಂತ ಕೊನೆಗೆ. ಆ ಅಲಂಕಾರಕ್ಕೂ ತೂಕವಿದೆ ಎಂಬುದನ್ನು ಮರೆಯುವಂತಿಲ್ಲ.

ಯಾವ ನಾರಿಗೆ ಎಂದು ಮೊದಲೇ ತೀರ್ಮಾನಿಸಿ

ನಮ್ಮ ಕಡೆ ಸುಲಭವಾಗಿ ಸಿಗುವ ನಾರುಗಳು ಮೂರು. ಶಿರಾ, ಪಾವಗಡದ ಸುತ್ತಿನ ಕುರಿ ಉಣ್ಣೆ, ಶಿಡ್ಲಘಟ್ಟದಲ್ಲಿ ರೀಲಿಂಗ್ (ಗೂಡಿನಿಂದ ಎಳೆ ಬಿಚ್ಚುವ ಕೆಲಸ) ಆದ ಮೇಲೆ ಉಳಿಯುವ ರೇಷ್ಮೆ, ಮತ್ತು ಹತ್ತಿ. ಮೂರಕ್ಕೂ ಒಂದೇ ತಕಲಿ ಸಾಕು ಅಂದುಕೊಂಡರೆ ಮೂರೂ ಕೆಡುತ್ತವೆ. ಕಂಬಳಿಗೆ ಬೇಕಾದ ದಪ್ಪ ಒರಟು ಉಣ್ಣೆ ನೂಲಿಗೆ ಕಡ್ಡಿ, ಬಿಲ್ಲೆ ಸೇರಿ 50ರಿಂದ 70 ಗ್ರಾಂ ತೂಗುವ ತಕಲಿ ಬೇಕು. ಸ್ವೆಟರ್ ಹೆಣೆಯುವಂಥ ನಡುತರದ ಉಣ್ಣೆಗೆ 30ರಿಂದ 40 ಗ್ರಾಂ. ರೇಷ್ಮೆ ಉಳಿಕೆಗೆ 15ರಿಂದ 25 ಗ್ರಾಂ. ಹತ್ತಿಯ ನಾರು ಮೋಟು, ಬಹುಪಾಲು ಒಂದಂಗುಲದ ಆಚೀಚೆ. ತೂಗುಬಿಟ್ಟ ತಕಲಿಯ ಭಾರಕ್ಕೆ ಹುರಿ ಏರುವ ಮೊದಲೇ ಎಳೆ ಕಳಚಿಕೊಳ್ಳುತ್ತದೆ. ಅದಕ್ಕೆ 15 ಗ್ರಾಂನ ಪುಟ್ಟ ತಕಲಿ ಮಾಡಿ, ತುದಿಯನ್ನು ತೆಂಗಿನ ಕರಟದಲ್ಲಿ ಊರಿ ತಿರುಗಿಸಬೇಕು. ಅದರ ವಿಷಯ ಮುಂದೆ ಬರುತ್ತದೆ.

ತಕಲಿಗೆ ಮೂರೇ ಭಾಗ: ಕಡ್ಡಿ, ಬಿಲ್ಲೆ, ಕೊಕ್ಕೆ. ಕಡ್ಡಿಯನ್ನೇ ಕದಿರು ಅನ್ನುವವರೂ ಇದ್ದಾರೆ, ಇಡೀ ಸಾಧನವನ್ನು ಕದಿರು ಅನ್ನುವವರೂ ಇದ್ದಾರೆ. ರಾಟೆಯ ಕಬ್ಬಿಣದ ಕದಿರಿನ ಜೊತೆ ಗೊಂದಲ ಬೇಡವೆಂದು ಇಲ್ಲಿ ಕಡ್ಡಿ ಎಂದೇ ಬರೆದಿದೆ.

ಅಳತೆ ಹೇಳುವ ಮೊದಲು ಎರಡು ಲೆಕ್ಕ. ಒಂದೇ ತೂಕದ ಎರಡು ಬಿಲ್ಲೆಗಳಲ್ಲಿ ಅಗಲವಾದದ್ದು ಹೆಚ್ಚು ಹೊತ್ತು ತಿರುಗುತ್ತದೆ. 30 ಗ್ರಾಂ ಮರವನ್ನು 5 ಸೆಂ.ಮೀ. ಅಗಲದ ಬಿಲ್ಲೆ ಮಾಡುವುದಕ್ಕೂ 7 ಸೆಂ.ಮೀ. ಅಗಲದ ಬಿಲ್ಲೆ ಮಾಡುವುದಕ್ಕೂ ವ್ಯತ್ಯಾಸ ಸಣ್ಣದಲ್ಲ. ಓಟ ಉಳಿಸಿಕೊಳ್ಳುವ ಶಕ್ತಿ ಎರಡನೆಯದಕ್ಕೆ ಹತ್ತಿರ ಹತ್ತಿರ ಎರಡರಷ್ಟು, ಏಕೆಂದರೆ ಇಲ್ಲಿ ಅಗಲದ ವರ್ಗ ಲೆಕ್ಕಕ್ಕೆ ಬರುತ್ತದೆ. ಆದರೆ ಅಗಲ ಬಿಲ್ಲೆ ನಿಧಾನವಾಗಿ ತಿರುಗುತ್ತದೆ, ಪುಟ್ಟ ಬಿಲ್ಲೆ ಸರ್ರನೆ ತಿರುಗಿ ಬೇಗ ನಿಲ್ಲುತ್ತದೆ. ದಪ್ಪ ನೂಲಿಗೆ ಹುರಿ ಕಡಿಮೆ ಸಾಕು, ಸಣ್ಣ ನೂಲಿಗೆ ಹುರಿ ಹೆಚ್ಚು ಬೇಕು. ಹಾಗಾಗಿ ಕಂಬಳಿ ನೂಲಿಗೆ ಅಗಲ ಬಿಲ್ಲೆ, ರೇಷ್ಮೆಗೂ ಹತ್ತಿಗೂ ಪುಟ್ಟ ಬಿಲ್ಲೆ.

ಎರಡನೆಯ ಲೆಕ್ಕ ಕಡ್ಡಿಯದು. ಹೆಬ್ಬೆರಳು ತೋರುಬೆರಳಿನ ನಡುವೆ ಕಡ್ಡಿ ಹೊಸೆದಾಗ ಬೆರಳು ಸರಿಯುವುದು 6 ಸೆಂ.ಮೀ. ಆಸುಪಾಸು. 10 ಮಿ.ಮೀ. ದಪ್ಪದ ಕಡ್ಡಿ ಅಷ್ಟರಲ್ಲಿ ಎರಡೇ ಸುತ್ತು ಉರುಳುತ್ತದೆ, 6 ಮಿ.ಮೀ.ನದು ಮೂರು ಸುತ್ತು. ಅಂಗಡಿಯ ಅಲಂಕಾರದ ತಕಲಿಗಳು ಮಂಕಾಗಿ ತಿರುಗುವುದಕ್ಕೆ ಅರ್ಧ ಕಾರಣ ದಪ್ಪ ಕಡ್ಡಿ. ಕಡೆದು ಗುಬುಟು ಗುಬುಟು ಮಾಡಿದ, ಮಂಚದ ಕಾಲಿನಂಥ ಕಡ್ಡಿ ನೋಡಲು ಸೊಗಸು. ಬೆರಳಿಗೆ ಮಾತ್ರ ಅದು ಕಾಟ.

ಕೈ ಪಳಗಲು ನಡುತರದ ಉಣ್ಣೆ ತಕಲಿಯೇ ಒಳ್ಳೆಯದು: ಬಿಲ್ಲೆ 6 ಸೆಂ.ಮೀ. ಅಗಲ, 12 ಮಿ.ಮೀ. ದಪ್ಪ. ಕಡ್ಡಿ 28 ಸೆಂ.ಮೀ. ಉದ್ದ, ಬಿಲ್ಲೆ ಕೂರುವಲ್ಲಿ 8 ಮಿ.ಮೀ., ಮೇಲ್ತುದಿಯಲ್ಲಿ 6 ಮಿ.ಮೀ. ಇನ್ನು ಮುಂದಿನ ಅಳತೆಗಳೆಲ್ಲ ಇದಕ್ಕೇ.

ಮರ

ಹೊಸದಾಗಿ ಮರ ಕೊಳ್ಳಬೇಕಿಲ್ಲ. ಸಾಮಿಲ್ಲಿನ ತುಂಡು, ಬಡಗಿ ಅಂಗಡಿಯ ಮೂಲೆಯಲ್ಲಿ ಬಿದ್ದ ಚಕ್ಕೆ ಸಾಕು. ಹತ್ತು ತಕಲಿಗೆ ಒಂದು ಅಡಿ ಉದ್ದದ ಹಲಗೆ ತುಂಡು ಧಾರಾಳ.

ಕೋಲಾರ, ಚಿಂತಾಮಣಿ, ತುಮಕೂರಿನ ಬಯಲಲ್ಲಿ ಹುಣಸೆಗೆ ಬರವಿಲ್ಲ. ಬಿಲ್ಲೆಗೆ ಅದಕ್ಕಿಂತ ಒಳ್ಳೆಯ ಮರ ಹುಡುಕುವ ಅಗತ್ಯವೂ ಇಲ್ಲ. ಮಾಂಸದ ಅಂಗಡಿಯ ಕೊರಡಿಗೆ ಹುಣಸೆಯನ್ನೇ ಬಳಸುತ್ತಾರೆ ಎಂದರೆ ಅದರ ಗಟ್ಟಿತನ ತಿಳಿಯುತ್ತದೆ. ಭಾರ ಇದೆ, ನಾರು ಹೆಣೆದುಕೊಂಡಿರುವುದರಿಂದ ಸುಲಭಕ್ಕೆ ಸೀಳುವುದಿಲ್ಲ. ತೊಂದರೆ ಎಂದರೆ ಉಳಿ ಬೇಗ ಮೊಂಡಾಗುತ್ತದೆ, ಹೊರಗಿನ ಬಿಳಿ ಭಾಗಕ್ಕೆ ಹುಳು ಬೀಳುತ್ತದೆ. ಸಾಸಿವೆ ಕಾಳಿನಂಥ ತೂತು, ಕೆಳಗೆ ಉದುರಿದ ಹಿಟ್ಟು ಕಂಡ ತುಂಡನ್ನು ಒಲೆಗೆ ಹಾಕಿ. ಹಲಸು ಹಳದಿ, ಕಡೆಯಲು ಸುಖ, ಹಳೆಯದಾದಂತೆ ಜೇನುಬಣ್ಣಕ್ಕೆ ತಿರುಗುತ್ತದೆ. ಬಣ್ಣ ಹಚ್ಚದೆ ಬಿಡುವ ತಕಲಿಗೆ ಹಲಸೇ ಸರಿ. ಮಾವು ಹಗುರ, ಶ್ರೀನಿವಾಸಪುರದ ಕಡೆ ಹಳೆಯ ತೋಪು ಕಡಿದಾಗ ಬೇಕಾದಷ್ಟು ಸಿಗುತ್ತದೆ, ಅಗಲ ಬಿಲ್ಲೆಗೆ ಒಪ್ಪುತ್ತದೆ. ಅರಗಿನ ಬಣ್ಣ ಹಚ್ಚುವುದಾದರೆ ಚನ್ನಪಟ್ಟಣದ ಗೊಂಬೆಯವರು ನೆಚ್ಚಿಕೊಂಡ ಹಾಲೆ ಮರ: ಬಿಳಿ, ನಯ, ನಾರು ಎದ್ದು ಕಾಣದು, ಮೇಲೆ ಹಚ್ಚಿದ ಬಣ್ಣ ತಿಳಿಯಾಗಿ ಹೊಳೆಯುತ್ತದೆ. ಬೀಟೆ ಚೆಂದವೇ, ಆದರೆ ಅದರ ಧೂಳು ಹಲವರಿಗೆ ಮೈ ಕಡಿತ, ಸೀನು ತರುತ್ತದೆ.

ನಿಮ್ಮ ಕೈಯಲ್ಲಿರುವ ತುಂಡು ಎಷ್ಟು ಭಾರದ ಮರ ಎಂಬುದನ್ನು ಪುಸ್ತಕದಲ್ಲಿ ಹುಡುಕಬೇಡಿ. 5 ಸೆಂ.ಮೀ. ಉದ್ದ, 5 ಅಗಲ, 2 ದಪ್ಪದ ತುಂಡು ಕತ್ತರಿಸಿ ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಇಡಿ. ಅದು 50 ಘನ ಸೆಂ.ಮೀ. 45 ಗ್ರಾಂ ತೂಗಿದರೆ ಘನ ಸೆಂ.ಮೀ.ಗೆ 0.9 ಗ್ರಾಂ, 30 ತೂಗಿದರೆ 0.6. ಮೇಲೆ ಹೇಳಿದ ಬಿಲ್ಲೆ ಸುಮಾರು 34 ಘನ ಸೆಂ.ಮೀ. ಆಗುತ್ತದೆ. ಭಾರದ ಮರದಲ್ಲಿ ಅದು 30 ಗ್ರಾಂ, ಹಗುರ ಮರದಲ್ಲಿ 20. ಕಡ್ಡಿಗೆ ಇನ್ನು 8ರಿಂದ 10 ಗ್ರಾಂ ಸೇರಿಸಿ. ಕೊಯ್ಯುವ ಮೊದಲೇ ತಕಲಿಯ ತೂಕ ಗೊತ್ತಾಯಿತು.

ಇನ್ನು ಎಲ್ಲರೂ ಮಾಡುವ ತಪ್ಪು. ರೆಂಬೆಯನ್ನು ಸೌತೆಕಾಯಿ ಹೋಳಿನಂತೆ ಅಡ್ಡಕ್ಕೆ ಕೊಯ್ದರೆ ಬಿಲ್ಲೆ ತಾನಾಗಿ ದುಂಡಗೆ ಸಿಗುತ್ತದೆ, ವರ್ಷದುಂಗುರವೂ ಕಾಣುತ್ತದೆ, ಆಸೆ ಹುಟ್ಟುವುದು ಸಹಜ. ಮರ ಒಣಗುವಾಗ ಉಂಗುರದ ಗುಂಟ ಕುಗ್ಗುವುದು, ನಡುವಿನಿಂದ ಅಂಚಿನ ಕಡೆಗೆ ಕುಗ್ಗುವುದಕ್ಕಿಂತ ಸುಮಾರು ಎರಡರಷ್ಟು. ಆ ಎಳೆತ ಎಲ್ಲೋ ಒಂದು ಕಡೆ ಬಿಡಿಸಿಕೊಳ್ಳಬೇಕು. ಅಂಚಿನಿಂದ ನಡುವಿಗೆ ಒಂದು ಬಿರುಕು ಬಿಟ್ಟೇ ಬಿಡುತ್ತದೆ. ಆದ್ದರಿಂದ ಬಿಲ್ಲೆಯನ್ನು ಯಾವಾಗಲೂ ಹಲಗೆಯಿಂದ ತೆಗೆಯಿರಿ. ಮರದ ನಡುತಿರುಳು ಬಿಲ್ಲೆಯೊಳಗೆ ಬರಬಾರದು.

ಹಸಿ ಮರವಾದರೆ 2 ಸೆಂ.ಮೀ. ದಪ್ಪದ ಹಲಗೆ ಮಾಡಿ, ಕೊಯ್ದ ಎರಡೂ ತುದಿಗೆ ಕರಗಿಸಿದ ಮೇಣ ಇಲ್ಲವೇ ಹಳೆಯ ಪೇಂಟ್ ಬಳಿದು, ನೆರಳಲ್ಲಿ ಗಾಳಿ ಆಡುವ ಕಡೆ ಇಡಿ. ನಮ್ಮ ಒಣ ಹವೆಯಲ್ಲಿ ಬಿಸಿಲಿಗಿಟ್ಟರೆ ಒಣಗುವುದಕ್ಕಿಂತ ಮೊದಲು ಸೀಳುತ್ತದೆ. ವಾರಕ್ಕೊಮ್ಮೆ ತೂಗಿ ತುಂಡಿನ ಮೇಲೇ ಪೆನ್ಸಿಲಿನಲ್ಲಿ ಬರೆಯಿರಿ. ಮೂರು ವಾರ ಒಂದೇ ತೂಕ ಬಂದರೆ ಕೆಲಸಕ್ಕೆ ಸಿದ್ಧ. ಮೂರರಿಂದ ಆರು ತಿಂಗಳು ಹಿಡಿಯಬಹುದು. ಹಳೆಯ ಬಾಗಿಲು, ತೊಲೆಯ ತುಂಡು ಸಿಕ್ಕರೆ ಈ ಕಾಯುವಿಕೆಯೇ ಇಲ್ಲ, ಮೊಳೆ ಇದೆಯೇ ಎಂದು ಅಯಸ್ಕಾಂತ ಆಡಿಸಿ ನೋಡಿದರಾಯಿತು.

ಬಿಲ್ಲೆ

ಹಲಗೆಯ ಮೇಲೆ ಕೈವಾರದಿಂದ 64 ಮಿ.ಮೀ. ಅಗಲದ ವೃತ್ತ ಎಳೆಯಿರಿ. ಬೇಕಾದ್ದಕ್ಕಿಂತ 4 ಮಿ.ಮೀ. ಹೆಚ್ಚು ಬಿಡುವುದು ದುಂಡು ಮಾಡುವಾಗ ಕಳೆಯಲು. ಕೈವಾರದ ಮುಳ್ಳು ಊರಿದ ಗುರುತನ್ನು ಮೊಳೆಯಿಂದ ಚುಚ್ಚಿ ಆಳ ಮಾಡಿ, ಇಲ್ಲದಿದ್ದರೆ ಡ್ರಿಲ್ ಬಿಟ್ ನಾರಿನ ದಾರಿ ಹಿಡಿದು ಜಾರುತ್ತದೆ. ಮೊದಲು 2 ಮಿ.ಮೀ. ಬಿಟ್, ಆಮೇಲೆ 5, ಕೊನೆಗೆ 8. ಮೂರು ಸಲ ಕೊರೆಯುವುದು ಬೇಸರವಾದರೂ ನೇರ 8 ಹಾಕಿದರೆ ತೂತು ಅತ್ತಿತ್ತ ಹೋಗುತ್ತದೆ. ಕೆಳಗೆ ಬೇಡದ ಹಲಗೆಯೊಂದನ್ನು ಬಿಗಿದಿಡಿ, ಆಗ ಹಿಂಬದಿ ಚಕ್ಕೆ ಏಳುವುದಿಲ್ಲ. ಡ್ರಿಲ್ ಪ್ರೆಸ್ ಇದ್ದರೆ ಸರಿ. ಕೈ ಡ್ರಿಲ್ ಆದರೆ ಮರದ ಮೇಲೆ ಒಂದು ಮೂಲೆಮಟ್ಟ ನಿಲ್ಲಿಸಿಕೊಂಡು, ಬಿಟ್ ಅದಕ್ಕೆ ಸಮನಾಗಿದೆಯೇ ಎಂದು ಎರಡು ಬದಿಯಿಂದ ನೋಡಬೇಕು. ತೂತು ಓರೆಯಾದರೆ ಬಿಲ್ಲೆ ಓರೆಯಾಗಿ ಕೂರುತ್ತದೆ, ಆಮೇಲೆ ಅದಕ್ಕೆ ಮದ್ದಿಲ್ಲ.

ಈಗ ಗರಗಸದಿಂದ ವೃತ್ತದ ಹೊರಗೆ ಎಂಟು ಮೂಲೆ ಕತ್ತರಿಸಿ, ಒರಟು ದುಂಡು ಮಾಡಿಕೊಳ್ಳಿ. ಇನ್ನು ಮುಂದಿನ ಹೆಜ್ಜೆಯ ಮೇಲೆ ಎಲ್ಲವೂ ನಿಂತಿದೆ. ಲೇತ್ (ಮರ ತಿರುಗಿಸಿ ಕಡೆಯುವ ಯಂತ್ರ) ಇದ್ದರೂ ಇಲ್ಲದಿದ್ದರೂ ಬಿಲ್ಲೆಯನ್ನು ಅದರ ತೂತಿನ ಮೇಲೇ ತಿರುಗಿಸಿ ದುಂಡು ಮಾಡಬೇಕು. ಆಗ ತೂತು ಎಲ್ಲಿದೆಯೋ ಅದೇ ನಡು ಆಗುತ್ತದೆ. ಕೈವಾರದ ಗುರುತು ಒಂದು ಮಿ.ಮೀ. ತಪ್ಪಿದ್ದರೂ ಅಂಚು ಸರಿಹೋಗುವುದರಲ್ಲಿ ಅದು ಅಳಿಸಿಹೋಗುತ್ತದೆ.

ಲೇತ್ ಇಲ್ಲದವರಿಗೆ: 8 ಮಿ.ಮೀ. ದಪ್ಪದ, ಅರ್ಧ ಮಾತ್ರ ಥ್ರೆಡ್ ಇರುವ ಬೋಲ್ಟ್ ತಂದು ತಲೆ ಕತ್ತರಿಸಿ. ನಯವಾದ ಅರ್ಧ ಡ್ರಿಲ್ಲಿನ ಚಕ್ಕಿಗೆ, ಅಂದರೆ ಬಿಟ್ ಹಿಡಿಯುವ ಬಾಯಿಗೆ, ಹೋಗುತ್ತದೆ. ಥ್ರೆಡ್ ಇರುವ ಕಡೆ ಒಂದು ನಟ್, ಒಂದು ವಾಷರ್, ಬಿಲ್ಲೆ, ಇನ್ನೊಂದು ವಾಷರ್, ಇನ್ನೊಂದು ನಟ್. 8ರ ಬೋಲ್ಟ್ ನಿಜವಾಗಿ 8ಕ್ಕಿಂತ ಕೂದಲೆಳೆ ಸಣ್ಣದಿರುತ್ತದೆ. ಬೋಲ್ಟಿಗೆ ಒಂದು ಸುತ್ತು ಸೆಲ್ಲೋಟೇಪ್ ಸುತ್ತಿದರೆ ಆ ಸಡಿಲ ಹೋಗುತ್ತದೆ. ಡ್ರಿಲ್ಲನ್ನು ಮೇಜಿಗೆ ಅಡ್ಡಲಾಗಿ ಭದ್ರವಾಗಿ ಬಿಗಿದು, ನಿಧಾನ ವೇಗದಲ್ಲಿ ತಿರುಗಿಸಿ, ಮೊದಲು ಒರಟು ಅರ, ನಂತರ 80ರ ಸ್ಯಾಂಡ್ ಪೇಪರ್ ಸುತ್ತಿದ ಹಲಗೆ ತುಂಡನ್ನು ಅಂಚಿಗೆ ಹಿಡಿಯಿರಿ. ಎತ್ತರದ ಮೂಲೆ ಟಕ್ ಟಕ್ ಎಂದು ಬಡಿಯುತ್ತದೆ. ಸದ್ದು ನಿಂತು ಒಂದೇ ಸಮ ಸುಯ್ ಎಂದಾಗ ದುಂಡಾಯಿತು. ಹೀಗೆ ಹಿಡಿದ ಡ್ರಿಲ್ಲಿಗೆ ಉಳಿ ಹಿಡಿಯಬೇಡಿ, ಸಿಕ್ಕಿಕೊಂಡರೆ ಕೈಗೆ ಬರುತ್ತದೆ. ಕೈಬಳೆ, ವೇಲು, ಸಡಿಲ ತೋಳು, ಬಿಟ್ಟ ಜಡೆ ಯಾವುದೂ ತಿರುಗುವ ಮರದ ಹತ್ತಿರ ಬರಬಾರದು. ಕೈಗವಸೂ ಬೇಡ, ಅದು ಬೆರಳನ್ನು ಒಳಗೆ ಎಳೆಯುತ್ತದೆ. ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕ್ ಇರಲಿ.

ದುಂಡಾದ ಮೇಲೆ ಕೆಳಮುಖವನ್ನು ಸ್ವಲ್ಪ ಒಳಗೆ ತೋಡುವುದುಂಟು. ತೂತಿನ ಸುತ್ತ 1 ಸೆಂ.ಮೀ. ಬಿಟ್ಟು, ಅಂಚಿನಲ್ಲಿ 1 ಸೆಂ.ಮೀ. ಬಿಟ್ಟು, ನಡುವಿನ ಭಾಗದಿಂದ 4 ಮಿ.ಮೀ. ಆಳ ಮರ ತೆಗೆದರೆ ತೂಕ ಇಳಿಯುತ್ತದೆ, ಓಟ ಹೆಚ್ಚು ಇಳಿಯುವುದಿಲ್ಲ. ಅಂಚಿನ ತೂಕವೇ ಓಟ ಹಿಡಿದಿಡುವುದು. ಲೇತ್ ಇದ್ದರೆ ಮಾತ್ರ ಇದಕ್ಕೆ ಕೈ ಹಾಕಿ. ಕೊನೆಗೆ 120, 220, 400ರ ಕಾಗದ ಕ್ರಮವಾಗಿ. ಒಂದು ನಂಬರ್ ಹಾರಿಸಿದರೆ ಅದರ ಗೀರು ಅರಗು ಹಚ್ಚಿದ ಮೇಲೆ ಎದ್ದು ಕಾಣುತ್ತದೆ.

ಕಡ್ಡಿ

ನಾರು ನೇರ ಇರಬೇಕು, ಗಂಟು ಇರಬಾರದು. ಗರಗಸದಿಂದ ಕೊಯ್ದ ಕಡ್ಡಿಗಿಂತ ಕತ್ತಿಯಿಂದ ಸೀಳಿದ ಕಡ್ಡಿ ಮೇಲು, ಏಕೆಂದರೆ ಸೀಳು ನಾರಿನ ಗುಂಟವೇ ಹೋಗುತ್ತದೆ, ಮುಂದೆ ಬಾಗುವುದಿಲ್ಲ. ದಪ್ಪಗೋಡೆಯ ಬಿದಿರಿನ ಎರಡು ಗಿಣ್ಣಿನ ನಡುವಿನ ಸೀಳು ಕೂಡ ಚೆನ್ನಾಗಿ ನಡೆಯುತ್ತದೆ.

ದುಂಡು ಮಾಡಲು ಸುಲಭ ಉಪಾಯ ತೂತಿನ ತಗಡು. ವೆಲ್ಡಿಂಗ್ ಅಂಗಡಿಯಲ್ಲಿ 5 ಮಿ.ಮೀ. ದಪ್ಪದ ಕಬ್ಬಿಣದ ಪಟ್ಟಿಗೆ 12, 10, 9, 8 ಮಿ.ಮೀ.ನ ನಾಲ್ಕು ತೂತು ಹಾಕಿಸಿ. ಸೀಳಿದ ಕಡ್ಡಿಯ ತುದಿ ಚೂಪು ಮಾಡಿ, ದೊಡ್ಡ ತೂತಿನಿಂದ ಶುರು ಮಾಡಿ ಮರದ ಸುತ್ತಿಗೆಯಿಂದ ಬಡಿದು ಒಂದೊಂದಾಗಿ ತೂರಿಸಿ. ತೂತಿನ ಅಂಚೇ ಕಡ್ಡಿಯನ್ನು ಹೆರೆಯುತ್ತದೆ. ಗಾಜಿನ ಮೇಲೋ ಗ್ರಾನೈಟ್ ಕಟ್ಟೆಯ ಮೇಲೋ ಉರುಳಿಸಿದಾಗ ಕೆಳಗೆ ಬೆಳಕು ಮಿಣುಕಿದರೆ ಕಡ್ಡಿ ಬಾಗಿದೆ ಎಂದರ್ಥ. ಸ್ವಲ್ಪ ಬಾಗಿದ್ದರೆ ದೀಪದ ಬಿಸಿಗೆ ಹಿಡಿದು ಎದುರು ದಿಕ್ಕಿಗೆ ಬಗ್ಗಿಸಿ ಆರುವ ತನಕ ಹಿಡಿದಿಡಿ. ಜಾಸ್ತಿ ಬಾಗಿದ್ದರೆ ಬಿಡಿ, ಇನ್ನೊಂದು ಮಾಡಿ.

ಬಿಲ್ಲೆ ಕೆಳಗಿರುವ ತಕಲಿಯಾದರೆ ಕಡ್ಡಿಯ ಬುಡ 8.3 ಮಿ.ಮೀ. ಇರುವಂತೆ ಬಿಟ್ಟು, ಅಲ್ಲಿಂದ ಮೇಲಕ್ಕೆ 6ರವರೆಗೆ ಸಣ್ಣಗಾಗಿಸುತ್ತಾ ಹೋಗಿ. ಇದಕ್ಕೆ ಕಡ್ಡಿಯನ್ನು 9ರ ತೂತಿಗೇ ನಿಲ್ಲಿಸಿ ಉಳಿದದ್ದನ್ನು ಸ್ಯಾಂಡ್ ಪೇಪರಿನಲ್ಲಿ ಉಜ್ಜಬೇಕು. ಬಿಲ್ಲೆಯನ್ನು ಮೇಲ್ತುದಿಯಿಂದ ಪೋಣಿಸಿದರೆ ಬುಡದಿಂದ 4 ಸೆಂ.ಮೀ. ಮೇಲೆ ಬಿಗಿಯಾಗಿ ಕೂರುವಂತಿರಬೇಕು. ತಕಲಿ ಕೈಜಾರಿ ನೆಲಕ್ಕೆ ಬಿದ್ದಾಗ ಕಡ್ಡಿ ನಿಲ್ಲುತ್ತದೆ, ಬಿಲ್ಲೆ ಕೆಳಕ್ಕೆ ನುಗ್ಗುತ್ತದೆ, ಅಂದರೆ ಇನ್ನೂ ಬಿಗಿಯಾಗುತ್ತದೆ. ಬಿಲ್ಲೆ ಮೇಲಿರುವ ತಕಲಿಯಲ್ಲಿ ಇದೇ ಪೆಟ್ಟು ಬಿಲ್ಲೆಯನ್ನು ಕಳಚುತ್ತದೆ, ಅದಕ್ಕೆ ಅಂಟು ಬೇಕೇ ಬೇಕು. ಬೀಳದ ತಕಲಿ ಯಾವುದೂ ಇಲ್ಲ, ಹೊಸ ಕಲಿಕೆಯವರ ಕೈಯಲ್ಲಂತೂ ಅದು ನೆಲದ ಮೇಲೆ ಇರುವುದೇ ಹೆಚ್ಚು. ಆದ್ದರಿಂದ ಮೊದಲ ತಕಲಿ ಬಿಲ್ಲೆ ಕೆಳಗಿರುವುದೇ ಆಗಲಿ.

ಕೊಕ್ಕೆಗೆ 1.5 ಮಿ.ಮೀ. ಹಿತ್ತಾಳೆ ತಂತಿ, 6 ಸೆಂ.ಮೀ. ಮೇಲ್ತುದಿಯ ನಟ್ಟನಡುವೆ 1.5ರ ಬಿಟ್ಟಿನಿಂದ 15 ಮಿ.ಮೀ. ಆಳ ಕೊರೆಯಿರಿ. ಕೊರೆಯದೆ ಚುಚ್ಚಿದರೆ ಕಡ್ಡಿ ಸೀಳುತ್ತದೆ. ತಂತಿಯನ್ನು ಅರಾಲ್ಡೈಟ್ ಹಾಕಿ ಕೂರಿಸಿ, ಒಂದು ದಿನ ಬಿಟ್ಟು ಬಗ್ಗಿಸಿ. ಕೊಕ್ಕೆಯ ಬಾಗು ಒಂದು ಬದಿಗೆ ವಾಲಿರಬಾರದು. ನೂಲು ತೂಗುವ ಬಿಂದು ಕಡ್ಡಿಯ ನೇರಕ್ಕೆ, ತಲೆಯ ಮೇಲೆ ಬರಬೇಕು. ಅದಕ್ಕಾಗಿ ತಂತಿಯನ್ನು ಮೊದಲು ಸ್ವಲ್ಪ ಹೊರಕ್ಕೆ ಬಗ್ಗಿಸಿ, ಆಮೇಲೆ ಮೇಲಿನಿಂದ ಸುತ್ತಿ ನಡುವಿಗೆ ತರಬೇಕು, ಪ್ರಶ್ನಾರ್ಥಕ ಚಿಹ್ನೆಯ ಹಾಗೆ. ತಂತಿಯ ಕತ್ತರಿಸಿದ ತುದಿಯನ್ನು ಅರದಿಂದ ದುಂಡಗೆ ಮಾಡದಿದ್ದರೆ ರೇಷ್ಮೆ ಎಳೆ ಸಿಕ್ಕಿ ಹರಿಯುತ್ತದೆ.

ತೂಗಿ ನೋಡುವುದು

ಅಂಟು ಹಾಕುವ ಮೊದಲು, ಬಣ್ಣ ಹಚ್ಚುವ ಮೊದಲು. ಒಂದೇ ಎತ್ತರದ ಎರಡು ಉಕ್ಕಿನ ಪಟ್ಟಿಗಳನ್ನು ಅಂಚಿನ ಮೇಲೆ ನಿಲ್ಲಿಸಿ, ಎರಡು ಗರಗಸದ ಬ್ಲೇಡಿನ ಬೆನ್ನಾದರೂ ಸರಿ, ಬಿಲ್ಲೆ ಸಿಕ್ಕಿಸಿದ ಕಡ್ಡಿಯನ್ನು ಅವುಗಳ ಮೇಲೆ ಅಡ್ಡ ಮಲಗಿಸಿ. ಮೆಲ್ಲಗೆ ಉರುಳಿಸಿ ಬಿಡಿ. ಪ್ರತಿ ಸಲ ಒಂದೇ ಬದಿ ಕೆಳಗೆ ಬಂದು ನಿಂತರೆ ಆ ಬದಿ ಭಾರ. ಪೆನ್ಸಿಲಿನಲ್ಲಿ ಗುರುತು ಹಾಕಿ, ಅಲ್ಲಿನ ಕೆಳಮುಖದ ಅಂಚನ್ನು ಸ್ವಲ್ಪ ಸ್ವಲ್ಪ ಉಜ್ಜಿ. ಎಲ್ಲಿ ಬೇಕಾದರೂ ನಿಲ್ಲುವ ಹಾಗಾದರೆ ಸಮತೂಕ ಬಂತು.

ಇದು ಸಣ್ಣ ವ್ಯತ್ಯಾಸಕ್ಕಷ್ಟೇ. 30 ಗ್ರಾಂ ಬಿಲ್ಲೆಯಲ್ಲಿ ತೂತು ಅರ್ಧ ಮಿ.ಮೀ. ಸರಿದಿದ್ದರೆ, ಅದನ್ನು ಸರಿದೂಗಿಸಲು ಅಂಚಿನ ಹತ್ತಿರ, ನಡುವಿನಿಂದ 25 ಮಿ.ಮೀ. ದೂರದಲ್ಲಿ 0.6 ಗ್ರಾಂ ಮರ ತೆಗೆಯಬೇಕು. ಹುಣಸೆಯಲ್ಲಿ ಅಷ್ಟೆಂದರೆ ಇನ್ನೊಂದು 8 ಮಿ.ಮೀ. ತೂತನ್ನೇ ಆರುಪಾರು ಕೊರೆದಂತೆ. ಅರ್ಧ ಮಿ.ಮೀ. ಕಣ್ಣಿಗೆ ಕಾಣದು, ತಕಲಿಗೆ ಕಾಣುತ್ತದೆ. ತೂತಿನ ಮೇಲೆ ತಿರುಗಿಸಿ ದುಂಡು ಮಾಡಿ ಎಂದು ಹಟ ಹಿಡಿದದ್ದು ಇದಕ್ಕೇ. ಹಲಗೆಯ ಒಂದು ಬದಿ ಚೇಗು (ಒಳಗಿನ ಗಟ್ಟಿ ಮರ), ಇನ್ನೊಂದು ಬದಿ ಬಿಳಿ ಮರ ಇದ್ದರೆ ಬಿಲ್ಲೆ ಎಷ್ಟೇ ದುಂಡಗಿದ್ದರೂ ಚೇಗಿನ ಬದಿಗೆ ವಾಲುತ್ತದೆ. ಎರಡು ಬಣ್ಣದ ಮರ ನೋಡಲು ಚೆಂದ ಎಂದು ಆರಿಸಿದವರು ಈ ಹಂತದಲ್ಲಿ ಬಹಳ ಉಜ್ಜಬೇಕಾಗುತ್ತದೆ.

ಅಲಂಕಾರ

ಮೊದಲು ಯೋಚಿಸಬೇಕಾದದ್ದು, ಕಾಣುವುದೇನು? ಬಿಲ್ಲೆ ಕೆಳಗಿರುವ ತಕಲಿಯಲ್ಲಿ ನೂಲು ತುಂಬುತ್ತಾ ಹೋದಂತೆ ಕುಕ್ಕಡಿ (ಕಡ್ಡಿಗೆ ಸುತ್ತಿದ ನೂಲಿನ ಉಂಡೆ) ಬಿಲ್ಲೆಯ ಮೇಲ್ಮುಖದ ನಡುಭಾಗವನ್ನೆಲ್ಲ ಮುಚ್ಚುತ್ತದೆ. ಹೊರಗೆ ಉಳಿಯುವುದು ಅಂಚಿನ 1 ಸೆಂ.ಮೀ., ಬದಿಯ ಸುತ್ತು, ಮತ್ತು ಕೆಳಮುಖ. ದಿನಗಟ್ಟಲೆ ಕೂತು ಮೇಲ್ಮುಖದ ನಡುವೆ ಕೆತ್ತಿದ ನವಿಲು ಮೊದಲ ಗಂಟೆಯಲ್ಲೇ ಉಣ್ಣೆಯಡಿ ಸೇರುತ್ತದೆ. ಬಿಲ್ಲೆ ಮೇಲಿರುವ ತಕಲಿಯಲ್ಲಾದರೆ ಮೇಲ್ಮುಖ ಪೂರ್ತಿ ತೆರೆದಿರುತ್ತದೆ. ಚಿತ್ರ ಬಿಡಿಸುವ ಆಸೆಯಿದ್ದವರು ಅದನ್ನೇ ಮಾಡುವುದು ಒಳ್ಳೆಯದು.

ತಿರುಗುವಾಗ ಕಾಣುವುದು ಇನ್ನೂ ಕಡಿಮೆ. ಎಸಳು, ಕಡ್ಡಿಗೆರೆ, ನಕ್ಷತ್ರ ಎಲ್ಲ ಮಸುಕಾಗುತ್ತವೆ. ಹಳದಿ ಎಸಳು, ನೀಲಿ ಎಸಳು ಒಂದರ ಪಕ್ಕ ಒಂದು ಬಳಿದರೆ ತಿರುಗುವಾಗ ಹಸಿರು ಕಾಣುತ್ತದೆಂದು ಎಣಿಸಬೇಡಿ, ಬೂದು ಕಾಣುತ್ತದೆ. ಉಂಗುರಗಳು ಮಾತ್ರ ನಿಂತಾಗಲೂ ತಿರುಗುವಾಗಲೂ ಹಾಗೇ ಇರುತ್ತವೆ. ಒಂದೇ ಒಂದು ಚುಕ್ಕಿ ಇಟ್ಟರೂ ತಿರುಗಿದಾಗ ಅದು ತೆಳು ಉಂಗುರ. ಹಾಗಾಗಿ ನಿಂತಾಗಿನ ಚೆಂದಕ್ಕೆ ಎಸಳು, ಓಟದ ಚೆಂದಕ್ಕೆ ಉಂಗುರ, ಎರಡನ್ನೂ ಬೆರೆಸಬಹುದು.

ಕೆತ್ತನೆಯೋ ಸುಟ್ಟ ಗೆರೆಯೋ ಏನೇ ಇರಲಿ, ಒಂದು ಬದಿಯಲ್ಲಿ ಇದ್ದದ್ದು ಎದುರು ಬದಿಯಲ್ಲೂ ಇರಬೇಕು. ಆರೆಸಳಿನ ರಂಗೋಲಿ ಇದಕ್ಕೆ ಹೇಳಿ ಮಾಡಿಸಿದಂತಿದೆ. ವೃತ್ತ ಎಳೆದ ಕೈವಾರವನ್ನು ಅಗಲಿಸದೆ, ಕುಗ್ಗಿಸದೆ, ಅದೇ ವೃತ್ತದ ಮೇಲೆ ಹೆಜ್ಜೆ ಹಾಕಿಸಿದರೆ ಸರಿಯಾಗಿ ಆರು ಹೆಜ್ಜೆಗೆ ಹೊರಟಲ್ಲಿಗೆ ಬರುತ್ತದೆ. ಆ ಆರು ಗುರುತಿನಿಂದಲೂ ಕಮಾನು ಎಳೆದರೆ ಎಸಳು ಸಿದ್ಧ. 25 ವ್ಯಾಟ್ ಸೋಲ್ಡರಿಂಗ್ ಕಡ್ಡಿಯ ಚೂಪು ತುದಿಯಿಂದ ಗೆರೆ ಸುಡಬಹುದು. ನಿಧಾನವಾಗಿ, ನಿಲ್ಲಿಸದೆ ಎಳೆಯಬೇಕು, ನಿಂತಲ್ಲಿ ಕಪ್ಪು ಬೊಟ್ಟು ಬೀಳುತ್ತದೆ. ಹೆಸರಿನ ಮೊದಲಕ್ಷರ ಕೆತ್ತಿಸಿಕೊಳ್ಳುವ ಆಸೆ ಹಲವರಿಗೆ. ಸುಟ್ಟು ಬರೆದರೆ ತೊಂದರೆಯಿಲ್ಲ, ಉಳಿಯಲ್ಲಿ ಆಳವಾಗಿ ಕೆತ್ತಿದರೆ ಎದುರಿಗೂ ಅಷ್ಟೇ ಮರ ತೆಗೆಯಬೇಕು.

ಬದಿಯ ಕಪ್ಪು ಉಂಗುರಕ್ಕೆ ಬಣ್ಣವೇ ಬೇಡ. ತಿರುಗುತ್ತಿರುವ ಬಿಲ್ಲೆಯ ಅಂಚಿನಲ್ಲಿ ಮೂರು ಮೂಲೆಯ ಅರದಿಂದ 1 ಮಿ.ಮೀ. ಆಳ ಗೀರಿ, ಆ ಗೀರಿಗೆ ತೆಳು ಉಕ್ಕಿನ ತಂತಿ ಒತ್ತಿ ಹಿಡಿದರೆ ಉಜ್ಜಾಟದ ಬಿಸಿಗೆ ಮರ ಸುಟ್ಟು ಕಡುಗಪ್ಪು ಗೆರೆ ಬರುತ್ತದೆ. ತಂತಿಯ ಎರಡು ತುದಿಗೂ ಮರದ ಹಿಡಿ ಕಟ್ಟಿರಬೇಕು. ಬೆರಳಿಗೆ ಸುತ್ತಿಕೊಂಡು ಹಿಡಿದರೆ ಬೆರಳೇ ಹೋಗಬಹುದು.

ಅರಗಿನ ಬಣ್ಣ ಹಚ್ಚುವ ಕ್ರಮ ಚನ್ನಪಟ್ಟಣದ್ದೇ. ಅರಗನ್ನು ಸಣ್ಣ ಕೆಂಡದ ಮೇಲೆ ಮೆತ್ತಗೆ ಮಾಡಿ, ಬಣ್ಣದ ಪುಡಿ ಸೇರಿಸಿ, ಎಳೆದು ಮಡಚಿ ಮತ್ತೆ ಎಳೆದು, ಬಣ್ಣ ಒಂದೇ ಸಮವಾದ ಮೇಲೆ ಬೆರಳುದ್ದದ ಕಡ್ಡಿ ಮಾಡಿಕೊಳ್ಳುತ್ತಾರೆ. 100 ಗ್ರಾಂ ಅರಗಿಗೆ 8ರಿಂದ 10 ಗ್ರಾಂ ಪುಡಿ ಸಾಕು. ಹಳದಿಗೆ ಅರಿಶಿನ, ನೀಲಿಗೆ ನೀಲಿ ಗಿಡದ ಬಣ್ಣ, ಎರಡೂ ಸೇರಿದರೆ ಹಸಿರು, ಕಪ್ಪಿಗೆ ದೀಪದ ಮಸಿ. ಬಿಲ್ಲೆ ತಿರುಗುತ್ತಿರುವಾಗ ಕಡ್ಡಿಯನ್ನು ಒತ್ತಿದರೆ ಉಜ್ಜಾಟಕ್ಕೆ ಅರಗು ಕರಗಿ ಹತ್ತುತ್ತದೆ. ಮೇಲೆ ಒಣಗಿದ ತಾಳೆಗರಿಯ ತುಂಡನ್ನು ಮಡಚಿ ಒತ್ತಿ ಹಿಡಿದರೆ ಉಬ್ಬುತಗ್ಗು ಹೋಗಿ ಹೊಳಪು ಬರುತ್ತದೆ. ತಿಳಿ ಬಣ್ಣ ಮೊದಲು, ಗಾಢ ಬಣ್ಣ ನಂತರ, ಇಲ್ಲದಿದ್ದರೆ ಕಪ್ಪಿನ ಪುಡಿ ಹಳದಿಗೆ ಸೇರಿ ಕೊಳಕಾಗುತ್ತದೆ. ಅರಗು ಸಿಪ್ಪೆಯಂತೆ ಎದ್ದರೆ ಮರದ ಮೇಲೆ ಎಣ್ಣೆಯೋ ಧೂಳೋ ಇತ್ತು. ಗುಳ್ಳೆ ಬಂದರೆ ಮರ ಪೂರ್ತಿ ಒಣಗಿರಲಿಲ್ಲ ಅಥವಾ ಒತ್ತಡ ಹೆಚ್ಚಾಗಿ ಅರಗು ಬೆಂದಿದೆ. ಹೊಳಪು ಬಾರದಿದ್ದರೆ ಗರಿ ಹಸಿಯಾಗಿದೆ.

ತೂತಿನ ಸುತ್ತ ಒಂದು ಸೆಂ.ಮೀ. ಅರಗು ಬೇಡ, ಅಲ್ಲಿ ಫೆವಿಕಾಲ್ ಹಿಡಿಯುವುದಿಲ್ಲ. ಕಡ್ಡಿಗಂತೂ ಅರಗು ಹಚ್ಚಲೇಬೇಡಿ. ನುಣುಪು ಕಡ್ಡಿಯ ಮೇಲೆ ಮೊದಲ ಸುತ್ತಿನ ನೂಲು ನಿಲ್ಲದೆ ಗಿರಗಿರ ಜಾರುತ್ತದೆ. ಬಣ್ಣ ನೂಲಿಗೆ ಹತ್ತುತ್ತದೆಯೇ ಎಂದು ತಿಳಿಯಲು ಬಿಳಿ ಹತ್ತಿ ಬಟ್ಟೆ ಒದ್ದೆ ಮಾಡಿ ಇಪ್ಪತ್ತು ಸಲ ಉಜ್ಜಿ. ಬಟ್ಟೆಗೆ ಬಣ್ಣ ಬಂದರೆ ಬಣ್ಣವಿಲ್ಲದ ಅರಗಿನ ಇನ್ನೊಂದು ಪದರ ಹಾಕಬೇಕು. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಇಂಥ ತಕಲಿ ಬಿಟ್ಟರೆ ಅರಗು ಮೆತ್ತಗಾಗಿ ಉಣ್ಣೆಯೆಲ್ಲ ಅಂಟುತ್ತದೆ. ಸ್ಯಾನಿಟೈಸರ್ ಹಚ್ಚಿದ ಹಸಿ ಕೈಯಲ್ಲೂ ಮುಟ್ಟಬಾರದು, ಆಲ್ಕೋಹಾಲಿಗೆ ಅರಗು ಕರಗುತ್ತದೆ.

ಅಂದವೂ ಆಗಿ ಕೆಲಸಕ್ಕೂ ಬರುವ ಅಲಂಕಾರ ಒಂದಿದೆ: ಹಿತ್ತಾಳೆ ಉಂಗುರ. ಬಿಲ್ಲೆಯ ಅಂಚಿನಲ್ಲಿ 2 ಮಿ.ಮೀ. ಅಗಲ, 2 ಮಿ.ಮೀ. ಆಳದ ಕಾಲುವೆ ಗೀರಿ, 2 ಮಿ.ಮೀ. ಹಿತ್ತಾಳೆ ತಂತಿಯನ್ನು ಅದಕ್ಕೆ ಬಿಗಿಯಾಗಿ ಸುತ್ತಿ, ಅರಾಲ್ಡೈಟ್ ಹಾಕಿ ಕೂರಿಸಿ. 6 ಸೆಂ.ಮೀ. ಬಿಲ್ಲೆಗೆ ಹೋಗುವ ತಂತಿ ಸುಮಾರು 5 ಗ್ರಾಂ. ಕಾಲುವೆಯಲ್ಲಿ ಹೋದ ಮರ ಕಳೆದರೆ 30 ಗ್ರಾಂ ಬಿಲ್ಲೆಗೆ ಏಳನೇ ಒಂದು ಪಾಲು ತೂಕ ಸೇರಿತು, ಓಟ ಉಳಿಸಿಕೊಳ್ಳುವ ಶಕ್ತಿ ಮಾತ್ರ ನಾಲ್ಕನೇ ಒಂದರಷ್ಟು ಏರಿತು. ಮಾವಿನಂಥ ಹಗುರ ಮರಕ್ಕೆ ಇದು ಬಹಳ ಒಪ್ಪುತ್ತದೆ. ತಂತಿಯ ಎರಡು ತುದಿ ಒಂದಕ್ಕೊಂದು ತಾಗಿರಬೇಕು, ನಡುವೆ ಸಂದು ಉಳಿದರೆ ಆ ಬದಿ ಹಗುರ. ತಿಪಟೂರಿನ ಕಡೆ ಧಾರಾಳವಾಗಿ ಸಿಗುವ ಕರಟದ ಚೂರುಗಳನ್ನು ಕೂರಿಸುವವರು ಅವನ್ನು ಜೋಡಿ ಜೋಡಿಯಾಗಿ ತೂಗಿ, ಜೋಡಿಯನ್ನು ಎದುರುಬದುರು ಇಡಬೇಕು. ಕರಟ ಮರಕ್ಕಿಂತ ಭಾರ, ಸಣ್ಣ ಚೂರಿನ ವ್ಯತ್ಯಾಸವೂ ತಿಳಿಯುತ್ತದೆ.

ಅಲಂಕಾರ ಮುಗಿದ ಮೇಲೆ ಉಕ್ಕಿನ ಪಟ್ಟಿಗಳ ಮೇಲೆ ಇನ್ನೊಮ್ಮೆ ಮಲಗಿಸಿ ನೋಡಿ, ಆಮೇಲೆ ಫೆವಿಕಾಲ್ ಹಾಕಿ.

ಹತ್ತಿಯ ಪುಟ್ಟ ತಕಲಿ

ಇದಕ್ಕೆ ಮರದ ಕಡ್ಡಿ ದಪ್ಪವಾಯಿತು. ಸೈಕಲ್ ಸ್ಪೋಕ್ 2 ಮಿ.ಮೀ. ದಪ್ಪ, ಉಕ್ಕು, ನೇರ. ಬಾಗಿದ ತಲೆ ಕತ್ತರಿಸಿ 18 ಸೆಂ.ಮೀ. ಉಳಿಸಿಕೊಳ್ಳಿ, 4 ಗ್ರಾಂ ಚಿಲ್ಲರೆ ತೂಗುತ್ತದೆ. ಕೆಳತುದಿಯನ್ನು ಅರದಿಂದ ಚೂಪು ಮಾಡಿ, ಆದರೆ ಸೂಜಿಯಂತಲ್ಲ, ತುದಿ ಸ್ವಲ್ಪ ದುಂಡಗಿದ್ದರೆ ಕರಟ ಕೊರೆಯುವುದಿಲ್ಲ. ಮೇಲ್ತುದಿಯನ್ನು ಇಕ್ಕಳದಿಂದ ಬಗ್ಗಿಸಿ ಪುಟ್ಟ ಕೊಕ್ಕೆ ಮಾಡಿ. ಹುಣಸೆಯ ಬಿಲ್ಲೆ 4 ಸೆಂ.ಮೀ. ಅಗಲ, 1 ಸೆಂ.ಮೀ. ದಪ್ಪ, ಅಂದರೆ 11 ಗ್ರಾಂ. ಬುಡದಿಂದ 2 ಸೆಂ.ಮೀ. ಮೇಲೆ ಅರಾಲ್ಡೈಟಿನಲ್ಲಿ ಕೂರಿಸಿ. ಬೆರಳ ಒಂದು ಹೊಸೆತಕ್ಕೆ ಇದು ಒಂಬತ್ತು ಸುತ್ತು ಉರುಳುತ್ತದೆ, ಹತ್ತಿಗೆ ಬೇಕಾದ ಹುರಿ ಸಲೀಸಾಗಿ ಏರುತ್ತದೆ. ದುಂಡು ಮಾಡುವಾಗ ಬಿಲ್ಲೆಯನ್ನು 2 ಮಿ.ಮೀ. ತೂತಿನ ಮೇಲೆ ಬೋಲ್ಟಿನಿಂದ ಹಿಡಿಯಲಾಗದು. ಸ್ಪೋಕಿಗೆ ಅಂಟಿಸಿದ ಮೇಲೆ ಸ್ಪೋಕನ್ನೇ ಚಕ್ಕಿಗೆ ಬಿಲ್ಲೆಯ ಹತ್ತಿರಕ್ಕೆ ಹಿಡಿದು ಸ್ಯಾಂಡ್ ಪೇಪರಿನಲ್ಲಿ ಮೆಲ್ಲಗೆ ಉಜ್ಜಿ.

ಎಣ್ಣೆ, ಮೇಣ

ಅರಗು ಹಚ್ಚದ ಮರಕ್ಕೆ ಕೊಬ್ಬರಿ ಎಣ್ಣೆ, ಹರಳೆಣ್ಣೆ, ಹೊಂಗೆ ಎಣ್ಣೆ ಬೇಡ. ಅವು ಒಣಗುವುದಿಲ್ಲ, ನೂಲಿಗೆ ಹತ್ತಿ ಕಮಟುತ್ತವೆ. ಒಣಗುವ ಗುಣ ಅಗಸೆ ಎಣ್ಣೆಗಿದೆ. ನಾಲ್ಕು ಭಾಗ ಅಗಸೆ ಎಣ್ಣೆಗೆ ಒಂದು ಭಾಗ ಜೇನುಮೇಣ, ಬಿಸಿನೀರಿನ ಪಾತ್ರೆಯೊಳಗಿಟ್ಟು ಕರಗಿಸಿ, ತೆಳ್ಳಗೆ ಒರೆಸಿ, ಅರ್ಧ ಗಂಟೆ ಬಿಟ್ಟು ಹೆಚ್ಚಾದದ್ದನ್ನು ಒರೆಸಿ ತೆಗೆಯಿರಿ. ಒಂದು ವಾರ ಮುಟ್ಟಬೇಡಿ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬಾರದು, ಅಗಸೆ ಎಣ್ಣೆ ಒಣಗುವಾಗ ಕಾವು ಹುಟ್ಟಿ ತಾನಾಗಿ ಬೆಂಕಿ ಹತ್ತಬಹುದು. ಹರಡಿ ಒಣಗಿಸಿ.

ತಿರುಗಿಸಿದಾಗ ತಿಳಿಯುವ ದೋಷ

ಅರ್ಧ ಮೀಟರ್ ಉಣ್ಣೆ ಎಳೆಗೆ ಕಟ್ಟಿ ಜೋರಾಗಿ ಹೊಸೆದು ಬಿಡಿ. ನಡುತರದ ತಕಲಿ 20 ಸೆಕೆಂಡಿಗೂ ಮೊದಲು ನಿಂತು ಹಿಂದಕ್ಕೆ ತಿರುಗಿದರೆ ಬಿಲ್ಲೆ ಹಗುರ ಅಥವಾ ಪುಟ್ಟದು, ಹಿತ್ತಾಳೆ ಉಂಗುರಕ್ಕೆ ಇದು ಸಮಯ. ಬಿಲ್ಲೆಯ ಅಂಚು ಮೇಲೆ ಕೆಳಗೆ ಆಡಿದರೆ ತೂತು ಓರೆ, ಬೇರೆ ಬಿಲ್ಲೆಯೇ ಗತಿ. ಅಂಚು ಸ್ಥಿರವಿದ್ದು ಕೊಕ್ಕೆಯ ಹತ್ತಿರ ನಡುಕ ಕಂಡರೆ ಕೊಕ್ಕೆ ನಡುವಿಗಿಲ್ಲ, ಇಕ್ಕಳದಿಂದ ಕೂದಲೆಳೆಯಷ್ಟು ಬಗ್ಗಿಸಿ ಮತ್ತೆ ನೋಡಿ. ಕೊಕ್ಕೆ ಸರಿಯಿದ್ದು ಕೆಳತುದಿ ವೃತ್ತ ಬರೆದರೆ ಕಡ್ಡಿ ಬಾಗಿದೆ. ಇಡೀ ತಕಲಿ ಗಡಿಯಾರದ ಲೋಲಕದಂತೆ ಓಲಾಡಿದರೆ ಬಹುತೇಕ ತಪ್ಪು ಮರದ್ದಲ್ಲ, ಹೊಸೆಯುವಾಗ ಕೈ ಪಕ್ಕಕ್ಕೆ ತಳ್ಳಿದೆ.

ಮಳೆಗಾಲದಲ್ಲಿ ಬಿಗಿಯಾಗಿದ್ದ ಬಿಲ್ಲೆ ಮಾರ್ಚ್ ಬರುವಷ್ಟರಲ್ಲಿ ಕಡ್ಡಿಯ ಮೇಲೆ ಸುಮ್ಮನೆ ತಿರುಗತೊಡಗುವುದುಂಟು, ಮುಖ್ಯವಾಗಿ ಬಿದಿರು ಕಡ್ಡಿಯಲ್ಲಿ. ಫೆವಿಕಾಲ್ ಇನ್ನಷ್ಟು ಸುರಿಯಬೇಡಿ. ಬಿಲ್ಲೆ ಬಿಚ್ಚಿ, ಹಳೆಯ ಅಂಟು ಕೆರೆದು, ಕಡ್ಡಿಗೆ ಒಂದು ಸುತ್ತು ತೆಳು ಹತ್ತಿ ದಾರವನ್ನು ಒತ್ತೊತ್ತಾಗಿ ಸುತ್ತಿ, ಅಂಟು ಸವರಿ ಮತ್ತೆ ಬಿಗಿಯಾಗಿ ಕೂರಿಸಿ. ದಾರ ಎಲ್ಲ ಕಡೆ ಒಂದೇ ದಪ್ಪ ಇರುವುದರಿಂದ ನಡು ತಪ್ಪುವುದಿಲ್ಲ.